ಮದ್ದು ಮೊದಲು, ಅರ ಆಮೇಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕ್ರಿಸ್‌ಮಸ್ ಮುಗಿದ ಬೆನ್ನಿಗೇ ಜಿಂಕೆ ಬೇಟೆಯ ಇನ್ನೊಂದು ಸುತ್ತು ಶುರುವಾಗುತ್ತದೆ. ಬಂದೂಕುಗಳ ಪೈಕಿ ಈ ಸುತ್ತಿನಲ್ಲಿ ಬಹುಪಾಲು ಕಡೆ ಸಲ್ಲುವುದು ಒಂದೇ ಬಗೆ: ನಳಿಗೆಯ ಬಾಯಿಂದ ಮದ್ದುಗುಂಡು ತುಂಬಿ, ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವ ಕೋವಿ. ಮೇಲೆ ದುರ್ಬೀನು ಕೂರಿಸುವಂತಿಲ್ಲ. 1974ರಲ್ಲಿ ಆರಂಭವಾದ ಈ ಏರ್ಪಾಡಿನಿಂದಾಗಿ ಇನ್ನೂರೈವತ್ತು ವರ್ಷ ಹಿಂದಿನ ಒಂದು ಕಸುಬು ಗಾಜಿನ ಕಪಾಟು ಸೇರದೆ ಉಳಿದುಕೊಂಡಿದೆ.

ಈ ಕಸುಬಿನ ಉದ್ದ ನಳಿಗೆಯ ಕೋವಿಯ ಮೂಲ ಜರ್ಮನಿ. 18ನೇ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿಂದ ವಲಸೆ ಬಂದ ಕಸುಬುದಾರರು ಗಿಡ್ಡ ನಳಿಗೆಯ, ದೊಡ್ಡ ಗುಂಡಿನ ಯೇಗರ್ ರೈಫಲ್ಲನ್ನು ಜೊತೆಗೆ ತಂದರು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಲಿನ ಕುಲುಮೆಗಳಲ್ಲಿ ಅದರ ನಳಿಗೆ ಮೂರೂವರೆ ಅಡಿಯವರೆಗೂ ಬೆಳೆಯಿತು, ತೂತು ಕಿರಿದಾಯಿತು. ತಿಂಗಳುಗಟ್ಟಲೆ ಕಾಡಿನಲ್ಲಿರುವವನಿಗೆ ಸೀಸ, ಮದ್ದು ಎರಡೂ ಉಳಿಯಬೇಕಿತ್ತಲ್ಲ. ಜೇಕಬ್ ಡಿಕರ್ಟ್‌ನಂಥವರು ಮೇಪಲ್ ಮರದ ಹಿಡಿ ಹಾಕಿ ಮಾಡಿದ ಈ ಕೋವಿಗಳೇ ಮುಂದೆ ಕೆಂಟಕಿ ರೈಫಲ್ ಎಂದು ಹೆಸರಾದವು. ಇಂದಿಗೂ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ, 1933ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘವೊಂದು ಇವುಗಳ ಗುರಿ ಸ್ಪರ್ಧೆ ನಡೆಸುತ್ತದೆ.

ಕೈಲ್ ಪೊಳ್ದ್ ಹಬ್ಬದ ದಿನ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುವ ಕೊಡಗಿನ ಕೋವಿಯನ್ನೋ, ಮಲೆನಾಡಿನ ಮನೆಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದಿಟ್ಟ ಕೇಪಿನ ಕೋವಿಯನ್ನೋ ಕಂಡವರಿಗೆ ಮದ್ದು ಸುರಿದು ಜಡಿಯುವ ಕ್ರಮ ಹೊಸದಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತೆರೆ ಎಳೆದಿದೆ. ನಮ್ಮ ಕಾಡುಗಳ ಸ್ಥಿತಿ ನೋಡಿದರೆ ಅದೇ ಸರಿ. ಆದರೂ ಕೋವಿಯೊಂದನ್ನು ಗುರಿಗೆ ಒಗ್ಗಿಸುವ ಬಗೆಯನ್ನು ತಿಳಿದುಕೊಳ್ಳಬೇಕು. ಅಷ್ಟು ತಾಳ್ಮೆ ಬೇಡುವ ಕೈಕೆಲಸಗಳು ಕಡಿಮೆ.

ಕುಲುಮೆಯಿಂದ ಬಂದ ಕೋವಿಗೆ ಗುರಿ ಕೂಡಿರುವುದಿಲ್ಲ. ತುದಿಯ ಗುರಿಮೊನೆಯನ್ನು ಬೇಕೆಂದೇ ಎತ್ತರವಾಗಿ ಬಿಟ್ಟಿರುತ್ತಾರೆ. ಹೀಗಾಗಿ ಮೊದಮೊದಲು ಗುಂಡು ಕೆಳಗೆ ಬೀಳುತ್ತದೆ. ಮೊನೆಯನ್ನು ಅರದಿಂದ ಉಜ್ಜಿ ತಗ್ಗಿಸಿದಷ್ಟೂ ಗುಂಡು ಮೇಲೇರುತ್ತದೆ. ತೊಡಕಿರುವುದು ಇಲ್ಲೇ: ಉಜ್ಜಿದ ಲೋಹ ಮರಳಿ ಬರುವುದಿಲ್ಲ. ಮದ್ದಿನ ಅಳತೆ ಬದಲಾದರೆ ಗುಂಡು ಬೀಳುವ ಎತ್ತರವೂ ಬದಲಾಗುತ್ತದೆ. ಆದ್ದರಿಂದ ಮದ್ದು, ಗುಂಡು, ಬಟ್ಟೆ ಈ ಮೂರೂ ನಿಕ್ಕಿಯಾಗುವ ತನಕ ಬಲ್ಲವರು ಅರ ಮುಟ್ಟುವುದಿಲ್ಲ.

ಬಟ್ಟೆಯ ವಿಷಯ ಕೊಂಚ ಬಿಡಿಸಿ ಹೇಳಬೇಕು. 0.50 ಇಂಚಿನ ನಳಿಗೆಗೆ ಹಾಕುವ ಸೀಸದ ಗುಂಡು ಸಾಮಾನ್ಯವಾಗಿ 0.490 ಇಂಚಿನದು. ಅದನ್ನು ಸುತ್ತುವ ಹತ್ತಿಬಟ್ಟೆ ಒತ್ತಾಗಿ ನೇಯ್ದದ್ದು, ಸುಮಾರು 0.015 ಇಂಚು ದಪ್ಪ, ಕೊಬ್ಬು ಅಥವಾ ಎಣ್ಣೆ ಸವರಿದ್ದು. ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿದು ಗುಂಡಿಗೆ ತಿರುಗುವ ಕಸುವು ಕೊಡುವುದು ಈ ಬಟ್ಟೆಯೇ. ಈಡು ಹಾರಿದ ಮೇಲೆ ಅದು ಮುಂದೆ ಹುಲ್ಲಿನಲ್ಲಿ ಬಿದ್ದಿರುತ್ತದೆ. ಅನುಭವಿ ಹೋಗಿ ಅದನ್ನು ಹೆಕ್ಕಿ ತಂದು ಬೆಳಕಿಗೆ ಹಿಡಿಯುತ್ತಾನೆ. ನಡುವೆ ಬಿಳುಪು, ಸುತ್ತ ಮಸಿಯ ಬಳೆ, ಅಂಚಿನಲ್ಲಿ ಅಷ್ಟಿಷ್ಟು ನೂಲು ಬಿಟ್ಟಿದ್ದರೆ ಎಲ್ಲವೂ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಎಣ್ಣೆ ಸಾಲದು. ಗೀರಿನ ಗುರುತಿನುದ್ದಕ್ಕೂ ಕತ್ತರಿಸಿದಂತಿದ್ದರೆ ಹೊಸ ನಳಿಗೆಯ ಅಂಚು ಇನ್ನೂ ಚೂಪಾಗಿದೆ, ಇನ್ನಷ್ಟು ಈಡುಗಳಲ್ಲಿ ಅದು ನಯವಾಗಬೇಕು. ಗುರಿಹಲಗೆಗಿಂತ ಈ ಚಿಂದಿ ಹೇಳುವುದೇ ಹೆಚ್ಚು.

ಮದ್ದನ್ನು ಅಳೆಯುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. 0.50 ಇಂಚಿನ ಕೋವಿಗೆ 50 ಗ್ರೇನ್‌ನಿಂದ ಶುರು ಮಾಡುವುದು ಹಳಬರ ವಾಡಿಕೆ. ಅಲ್ಲಿಂದ ಐದೈದು ಗ್ರೇನ್ ಏರಿಸುತ್ತ, ತಯಾರಕರು ಹೇಳಿದ ಮಿತಿ ದಾಟದೆ, ಪ್ರತಿ ಅಳತೆಗೂ ಮೂರು ಈಡು ಹೊಡೆದು ನೋಡುತ್ತಾರೆ. ಗುಂಡುಗಳು ಎಲ್ಲಿ ಬಿದ್ದವು ಎಂಬುದು ಈಗ ಮುಖ್ಯವಲ್ಲ, ಎಷ್ಟು ಒತ್ತಾಗಿ ಬಿದ್ದವು ಎಂಬುದಷ್ಟೇ ಮುಖ್ಯ. ಈಡಿನ ನಡುನಡುವೆ ನಳಿಗೆಯ ಮಸಿ ಒರೆಸದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಜಡಿಕೋಲಿನ ಮೇಲೆ ಒಂದು ಗುರುತಿರಬೇಕು: ಗುಂಡು ಮದ್ದಿನ ಮೇಲೆ ಒತ್ತಿ ಕೂತಿದೆ ಎಂಬುದಕ್ಕೆ ಅದೇ ಸಾಕ್ಷಿ. ನಡುವೆ ಸಂದು ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಮದ್ದು ಅಪ್ಪಟ ಕಪ್ಪು ಮದ್ದೇ ಆಗಿರಬೇಕು, ಇಲ್ಲವೇ ಅದರ ಬದಲಿಗೆಂದೇ ಮಾಡಿದ್ದು. ಈಗಿನ ಹೊಗೆಯಿಲ್ಲದ ಮದ್ದು ಹಾಕಿದರೆ ಜೀವಕ್ಕೇ ಕುತ್ತು. ಮದ್ದು ತುಂಬಿಟ್ಟ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯುವುದೂ ಸಲ್ಲದು. ಒಳಗೊಂದು ಕಿಡಿ ಉಳಿದಿದ್ದರೆ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಅಳತೆ ನಿಂತ ಮೇಲೆ ಕೆಲವರು ಜಿಂಕೆ ಕೊಂಬಿನ ತುದಿಯನ್ನು ಅಷ್ಟೇ ಮದ್ದು ಹಿಡಿಯುವಂತೆ ಕೊರೆದು ಚೀಲಕ್ಕೆ ಕಟ್ಟಿಕೊಳ್ಳುತ್ತಾರೆ.

ಇನ್ನು ಗುರಿ ಕೂಡಿಸುವುದು. ಗುಂಡು ಎಡಕ್ಕೋ ಬಲಕ್ಕೋ ಸರಿದರೆ, ಹಿಂದಿನ ಗುರಿಕಚ್ಚನ್ನು ಅದು ಕೂತ ಗಾಡಿಯಲ್ಲಿ ಹಿತ್ತಾಳೆಯ ಕಡ್ಡಿಯಿಂದ ಮೆಲ್ಲಗೆ ತಟ್ಟುತ್ತಾರೆ. ಗುಂಡು ಯಾವ ಕಡೆ ಹೋಗಬೇಕೋ ಕಚ್ಚೂ ಆ ಕಡೆಗೆ. ಮೊನೆಯದು ಇದಕ್ಕೆ ತಿರುಗುಮುರುಗು. ಎತ್ತರಕ್ಕೆ ಅರವೇ ಗತಿ. ಕಚ್ಚಿಗೂ ಮೊನೆಗೂ 36 ಇಂಚು ಅಂತರವಿದ್ದರೆ, 50 ಗಜ ದೂರದಲ್ಲಿ ಗುಂಡನ್ನು 2 ಇಂಚು ಮೇಲೆತ್ತಲು ಮೊನೆಯಿಂದ ಒಂದು ಮಿಲಿಮೀಟರ್ ತೆಗೆದರೆ ಆಯಿತು. ಎರಡು ಉಜ್ಜು, ಒಂದು ಈಡು, ಮತ್ತೆರಡು ಉಜ್ಜು. ಕೊನೆಯ ಅರ್ಧ ಇಂಚನ್ನು ಆ ದಿನ ಮುಟ್ಟದಿರುವುದೇ ಲೇಸು, ದಣಿದ ತೋಳು ಸುಳ್ಳು ಲೆಕ್ಕ ಕೊಡುತ್ತದೆ.

ಸ್ಪರ್ಧೆಗಾದರೆ ಇಷ್ಟು ಸಾಕು, ಬೇಟೆಗೆ ಸಾಲದು. ಕಾಡಿನಲ್ಲಿ ಸಿಗುವುದು ಒಂದೇ ಈಡು, ಅದೂ ತಣ್ಣಗಿನ, ಸ್ವಚ್ಛ ನಳಿಗೆಯಿಂದ. ಒಳಗೆ ಎಣ್ಣೆ ಉಳಿದಿದ್ದರೆ ಆ ಮೊದಲ ಗುಂಡು ಉಳಿದವುಗಳ ಜೊತೆ ಸೇರದೆ ಬೇರೆ ಕಡೆ ಹೋಗಬಹುದು. ಹಾಗಾಗಿ ಬೇರೆ ಬೇರೆ ದಿನ ಬರಿಯ ಮೊದಲ ಈಡನ್ನೇ ಹೊಡೆದು ಗುರುತು ಹಾಕಿಕೊಳ್ಳುತ್ತಾರೆ. ಹಿಮ, ತುಂತುರು ಇದ್ದರೆ ಕಲ್ಲಿನ ಕಿಡಿ ಮೊದಲು ತಗಲುವ ಕಿವಿಮದ್ದು ಒದ್ದೆಯಾಗದಂತೆ ಕೊಬ್ಬು ಸವರಿದ ತೊಗಲಿನ ಮುಸುಕು ಹಾಕುತ್ತಾರೆ. ಟ್ರಿಗರ್ ಎಳೆದ ಮೇಲೆ ಕಲ್ಲು ಉಕ್ಕಿಗೆ ಬಡಿದು, ಕಿವಿಮದ್ದು ಭುಗಿಲೆದ್ದು, ಬೆಂಕಿ ಒಳಕ್ಕೆ ಹೋಗುವವರೆಗೂ ಕಣ್ಣು ಮೊನೆಯ ಮೇಲೇ ನೆಟ್ಟಿರಬೇಕು. ಕಣ್ಣೆದುರಿಗೇ ಏಳುವ ಆ ಉರಿಗೆ ಬೆಚ್ಚದಿರಲು ವರ್ಷಗಳ ಅಭ್ಯಾಸ ಬೇಕು.

ದುಂಡು ಗುಂಡು ಗಾಳಿಯಲ್ಲಿ ಬೇಗ ಸೋಲುತ್ತದೆ. 100 ಗಜ ತಲುಪುವಷ್ಟರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ವೇಗ ಹೋಗಿರುತ್ತದೆ. ಪ್ರಾಣಿ ನರಳದೆ ಬೀಳಬೇಕೆಂಬ ಕಾಳಜಿಯುಳ್ಳವರು ತಮ್ಮ ಮಿತಿಯನ್ನು ಕೋವಿಯ ಶಕ್ತಿಯಿಂದ ಅಳೆಯುವುದಿಲ್ಲ. ಒರಗದೆ, ನಿಂತಲ್ಲಿಂದ ಹೊಡೆದ ಎಲ್ಲ ಈಡುಗಳೂ ಆರಿಂಚಿನ ತಟ್ಟೆಯೊಳಗೆ ಎಷ್ಟು ದೂರದವರೆಗೆ ಬೀಳುತ್ತವೋ ಅಷ್ಟೇ ಅವರ ಬೇಟೆಯ ದೂರ. ಹಲವರಿಗೆ ಅದು 50 ಗಜ. 60 ಗಜದಲ್ಲಿ ಜಿಂಕೆ ನಿಂತಿದ್ದರೆ ಕೋವಿ ಏರುವುದಿಲ್ಲ.