ಎಸಳು ಎಣಿಸುವ ಹುಡುಗಿ

ಹಾಯಿದೋಣಿಗೂ ಎಂಜಿನ್ ಇರುತ್ತೆ, ಗೊತ್ತಾ? ಗಾಳಿ ನಿಂತಾಗ, ಬಂದರಿನೊಳಗೆ ನುಗ್ಗುವಾಗ ಅದೇ ಗತಿ. ಆ ಡೀಸೆಲ್ ಎಂಜಿನ್ ತಣ್ಣಗಿರೋದು ಸಮುದ್ರದ ನೀರಿನಿಂದ. ನೀರೆಳೆಯೋದು ಪಂಪಿನೊಳಗಿನ, ಅಂಗೈಯಲ್ಲಿ ಹಿಡಿಸುವ ಒಂದು ರಬ್ಬರ್ ಚಕ್ರ, ಇಂಪೆಲ್ಲರ್. ಸುತ್ತ ಎಸಳು, ಥೇಟ್ ಹೂವು!

ನೀರಿಲ್ಲದೆ ತಿರುಗಿದರೆ ಎಸಳು ಕಿತ್ತುಬರುತ್ತೆ, ಎಂಜಿನ್ ಕಾದುಹೋಗುತ್ತೆ.

ಬದಲಾಯಿಸೋದು ಸುಲಭ. ಆದರೆ ಪಂಪು ಕೂತಿರೋ ಸಂದಿಗೆ ಅಪ್ಪನ ಕೈ ತೂರಲ್ಲ. ದೋಣಿಯಲ್ಲೇ ಬದುಕುವ ಕುಟುಂಬದ ಹತ್ತು ವರ್ಷದ ಮಗಳಿಗೆ ಕೆಲಸ ಸಿಗೋದು ಹೀಗೆ. ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಸಮುದ್ರದ ನೀರಿನ ವಾಲ್ವ್ ಮುಚ್ಚೋದು ದೊಡ್ಡವರ ಜವಾಬ್ದಾರಿ. ಆಮೇಲೆ ಅವಳು ಪಂಪಿನ ಮುಚ್ಚಳದ ಸ್ಕ್ರೂ ಬಿಚ್ಚಿ ಒಂದೊಂದನ್ನೂ ಬಟ್ಟಲಿಗೆ ಹಾಕ್ತಾಳೆ. ಕೈಜಾರಿದರೆ ದೋಣಿಯ ತಳದ ಎಣ್ಣೆನೀರಲ್ಲಿ ತಡಕಾಡಬೇಕು.

ಅಸಲಿ ಕೆಲಸ ಈಗ ಶುರು. ಹೊಸ ಚಕ್ರದಲ್ಲಿ 6 ಎಸಳು, ಹೊರತೆಗೆದ ಹಳೆಯದರಲ್ಲಿ 4. ಇನ್ನೆರಡು ಎಲ್ಲಿ? ಕೊಳವೆಯೊಳಗೆ ಮುಂದೆ ಹೋಗಿ ಸಿಕ್ಕಿಕೊಂಡಿರುತ್ತೆ. ಬಿಟ್ಟರೆ ಹೊಸ ಚಕ್ರ ಹಾಕಿಯೂ ನೀರಿನ ದಾರಿ ಕಟ್ಟಬಹುದು. ಹುಡುಕಿ, ಮೇಜಿನ ಮೇಲೆ ಚೂರು ಜೋಡಿಸಿ ಎಣಿಸೋದು ಅವಳ ಪಾಲು. ಶಾಲೆಯ ಲೆಕ್ಕದಲ್ಲಿ ಇಷ್ಟು ಶ್ರದ್ಧೆ ಇರಲ್ಲ ಅಂತ ನನ್ನ ಗುಮಾನಿ.

ಹೊಸ ಚಕ್ರ ಕೂತ ಮೇಲೆ ಅಪ್ಪ ವಾಲ್ವ್ ತೆರೆದು ಎಂಜಿನ್ ಶುರು ಮಾಡಿದ್ದೇ ತಡ, ಅವಳು ಹಿಂಬದಿಗೆ ಓಡಿ ಬಗ್ಗಿ ನೋಡ್ತಾಳೆ. ಹೊಗೆಕೊಳವೆಯಿಂದ ಬುಳಕ್ ಬುಳಕ್ ಅಂತ ನೀರು.

"ಬಂತು ಅಪ್ಪಾ!"