ಗುರುಗಳಿಗಾಗಿ ಕಾಗದ ಬರೆದ ಊರು

ಥಾಣೆ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ಜಾಂಬಳಿ ನಾಕಾದ ಹೂವು ತರಕಾರಿಯ ಗದ್ದಲ ದಾಟಿದರೆ ಮಸುಂದಾ ಕೆರೆ. ಊರವರ ಬಾಯಲ್ಲಿ ಇದು ತಲಾವ್ ಪಾಳಿ. ಭಾನುವಾರ ಬೆಳಗ್ಗೆ ದಂಡೆಯ ಸುತ್ತ ನಡೆಯುವವರು, ದೋಣಿ ಬಿಡುವುದನ್ನೇ ಕಾಯುತ್ತಿರುವ ಮಕ್ಕಳು. ಈ ಕೆರೆಯ ಮಗ್ಗುಲಲ್ಲೇ ಸ್ನಾನಿಕ ಯೋವಾನ್ನರ ಇಗರ್ಜಿ ಮತ್ತು ಅದೇ ಆವರಣದ ಶಾಲೆ. ಪೂಜೆ ಮುಗಿದು ಹೊರಬಂದವರು ತಕ್ಷಣ ಚದುರುವುದಿಲ್ಲ. ಗೇಟಿನ ಬಳಿ ಎರಡು ಮಾತು, ಮನೆಯವರ ಕ್ಷೇಮ, ಆಮೇಲೆ ರಿಕ್ಷಾ.

ನಾನು ಇಲ್ಲಿಗೆ ಬಂದದ್ದು ಒಂದು ತಳಮಳ ಹೊತ್ತುಕೊಂಡು. ಡೊಂಬಿವಲಿ ಕಡೆಯ ನಮ್ಮ ಇಗರ್ಜಿಯ ವಿಗಾರರಿಗೆ ವರ್ಗವಾಗಿ ಕೆಲವು ವಾರಗಳಾಗಿವೆ. ಹೊಸಬರು ಇನ್ನೂ ಬಂದಿಲ್ಲ. ಉಡುಪಿ ಕಡೆಯ ನಮ್ಮ ಊರಿನಲ್ಲಿ ನಾವು ಪ್ರಧಾನ ಧರ್ಮಗುರುವನ್ನು ವಿಗಾರ್ ಎನ್ನುತ್ತೇವೆ, ಧರ್ಮಕೇಂದ್ರವನ್ನು ಫಿರ್ಗಜ್ ಎನ್ನುತ್ತೇವೆ. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಆ ಎರಡು ಶಬ್ದ ನಮ್ಮ ಬಾಯಿಂದ ಹೋಗಿಲ್ಲ. ಈಗ ಯಾರು ಸಿಕ್ಕರೂ ಒಂದೇ ಪ್ರಶ್ನೆ: ಯಾರು ಬರುತ್ತಾರಂತೆ? ಕೊಂಕಣಿ ಬರುತ್ತದಂತೆಯೇ? ಗುರುಗಳು ಬೇಕೆಂದು ಬಹಳ ಹಿಂದೆಯೇ ಕೇಳಿದ ಊರು ಥಾಣೆ ಎಂದು ಓದಿದ್ದೆ. ಅದಕ್ಕೇ ಮೊದಲು ಇಲ್ಲಿಗೆ ಬಂದೆ.

1321ರ ಮಾತು. ಹೋರ್ಮುಜ್‌ನಿಂದ ಕೊಲ್ಲಂಗೆ ಹೊರಟಿದ್ದ ಹಡಗೊಂದು ಗಾಳಿಗೆ ಸಿಕ್ಕು ಥಾಣೆಯ ದಡ ಸೇರಿತು. ಅದರಲ್ಲಿ ನಾಲ್ವರು ಫ್ರಾನ್ಸಿಸ್ಕನ್ನರಿದ್ದರು: ತೊಲೆಂತಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ತಿಫ್ಲಿಸ್‌ನ ದೆಮೆತ್ರಿಯುಸ್. ಜೊತೆಗೆ ಜೋರ್ಡಾನುಸ್ ಎಂಬ ಒಬ್ಬ ಡೊಮಿನಿಕನ್. ಥಾಣೆಯಲ್ಲಿ ಅವರಿಗೆ ಜಾಗ ಕೊಟ್ಟವರು ಆಗಲೇ ಇಲ್ಲಿ ನೆಲೆಸಿದ್ದ ಪೂರ್ವ ಸಿರಿಯಾ ಸಂಪ್ರದಾಯದ ಕ್ರೈಸ್ತ ಮನೆಯವರು. ಜೋರ್ಡಾನುಸ್ ಭರೂಚ್ ಕಡೆಗೆ ಹೋಗಿದ್ದಾಗ ಉಳಿದ ನಾಲ್ವರನ್ನು ಇಲ್ಲಿನ ಅಧಿಕಾರಿಗಳು ಕರೆಸಿ ಧರ್ಮದ ವಿಷಯವಾಗಿ ವಿಚಾರಣೆ ನಡೆಸಿದರು. ಏಪ್ರಿಲ್ ತಿಂಗಳಲ್ಲಿ ನಾಲ್ವರೂ ಕೊಲೆಯಾದರು. ಸುದ್ದಿ ಕೇಳಿ ಹಿಂತಿರುಗಿದ ಜೋರ್ಡಾನುಸ್ ಶವಗಳನ್ನು ಸೋಪಾರಕ್ಕೆ ಒಯ್ದು ಮಣ್ಣು ಮಾಡಿದರು. ವಿರಾರ್ ಲೋಕಲ್ ಹತ್ತುವವರು ದಿನಾ ಕೇಳುವ ನಾಲಾಸೋಪಾರದ ಹೆಸರಿನಲ್ಲಿರುವುದು ಅದೇ ಸೋಪಾರ.

ಆಮೇಲೆ ಜೋರ್ಡಾನುಸ್ ಒಬ್ಬರೇ. ಅದೇ ವರ್ಷ ಅಕ್ಟೋಬರ್ 12ರಂದು ಗುಜರಾತಿನ ಘೋಘಾ ಬಂದರಿನಿಂದ ಪರ್ಷಿಯಾದ ತಬ್ರೀಜ್ ಮುಂತಾದ ಕಡೆಯ ಸನ್ಯಾಸಿಗಳಿಗೆ ಅವರು ಕಾಗದ ಬರೆದರು. ಸೋಪಾರ, ಭರೂಚ್, ಕೊಲ್ಲಂ, ಈ ಮೂರು ಜಾಗಗಳಲ್ಲಿ ಕೆಲಸಕ್ಕೆ ಅವಕಾಶವಿದೆ, ಜನರನ್ನು ಕಳುಹಿಸಿ ಎಂಬುದು ಅದರ ತಾತ್ಪರ್ಯ. ಒಂದೆರಡು ವರ್ಷದ ಮೇಲೆ ಇನ್ನೊಂದು ಕಾಗದ, ಈ ಸಲ ಥಾಣೆಯಿಂದಲೇ. ಅದರಲ್ಲಿ ಕಡಲುಗಳ್ಳರ ಕೈಗೆ ಸಿಕ್ಕಿದ್ದು, ಸೆರೆಮನೆ ಕಂಡದ್ದು ಎಲ್ಲ ಇದೆ. ಜೊತೆಗೆ ಮತ್ತದೇ ಬೇಡಿಕೆ. ಏಳುನೂರು ವರ್ಷದ ಹಿಂದೆ ಈ ಖಾರಿಯ ದಡದಲ್ಲಿ ಕುಳಿತು ಒಬ್ಬ ಮನುಷ್ಯ ಗುರುಗಳನ್ನು ಕಳುಹಿಸಿ ಎಂದು ಬರೆದ ಎಂಬುದು ನನ್ನನ್ನು ಅಲ್ಲಾಡಿಸುತ್ತದೆ. ಉತ್ತರ ಬರಲು ತಿಂಗಳುಗಳಲ್ಲ, ವರ್ಷಗಳು. 1329ರಲ್ಲಿ ಪೋಪ್ 22ನೇ ಯೋವಾನ್ನರು ಜೋರ್ಡಾನುಸರನ್ನೇ ಕೊಲ್ಲಂನ ಬಿಷಪ್ ಆಗಿ ನೇಮಿಸಿದರು. ಕೇಳಿದವನ ತಲೆಯ ಮೇಲೇ ಹೊರೆ ಬಂತು.

ಕೆರೆ ದಂಡೆಯ ಇಗರ್ಜಿ ಆ ಕಾಲದ್ದಲ್ಲ. ಇದು ಪೋರ್ಚುಗೀಸರು ಬಂದ ಮೇಲೆ, 16ನೇ ಶತಮಾನದಲ್ಲಿ ಫ್ರಾನ್ಸಿಸ್ಕನ್ನರು ಹಾಕಿದ ಬುನಾದಿ. 1737ರಲ್ಲಿ ಮರಾಠರು ಥಾಣೆಯನ್ನು ಗೆದ್ದಾಗ ಯುರೋಪಿನ ಸನ್ಯಾಸಿಗಳು ಹೊರಟುಹೋದರು. ಜನ ಎಲ್ಲಿಗೆ ಹೋಗಬೇಕು? ಅವರು ಇಲ್ಲೇ ಉಳಿದರು. ಅವರ ಕೈಹಿಡಿದವರು ಗೋವೆಯ ಪಾದ್ರಿಗಳು, ನಮ್ಮದೇ ಮೈಬಣ್ಣದವರು. ದೊಡ್ಡ ಕಟ್ಟಡ ಕಟ್ಟಿದವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಕಷ್ಟದ ಹೊತ್ತಿನಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು ಪೂಜೆ ಕೊಟ್ಟ ಆ ಪಾದ್ರಿಗಳನ್ನು ನೆನೆಯುವವರು ಕಡಿಮೆ. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಥಾಣೆಯಲ್ಲೇ ಇಂಗ್ಲಿಷರ ಕಾಲದ ಸೇಂಟ್ ಜೇಮ್ಸ್ ಚರ್ಚ್ ಇದೆ. 1825ರಲ್ಲಿ ಅದನ್ನು ಪ್ರತಿಷ್ಠೆ ಮಾಡಿದವರು ಕಲ್ಕತ್ತಾದ ಬಿಷಪ್ ರೆಜಿನಾಲ್ಡ್ ಹೀಬರ್. ಆಗ ಇಡೀ ಇಂಡಿಯಾದ ಆಂಗ್ಲಿಕನ್ನರಿಗೆ ಇದ್ದದ್ದು ಅವರೊಬ್ಬರೇ ಬಿಷಪ್.

ಥಾಣೆಯಿಂದ ಕಲ್ಯಾಣಕ್ಕೆ ಲೋಕಲ್ ಹಿಡಿದೆ. 1854ರಲ್ಲಿ ಹಾಕಿದ ದಾರಿ. ಕಿಟಕಿಯಿಂದ ಖಾರಿ ಕಂಡು ಮರೆಯಾಗುತ್ತದೆ, ಮುಂಬ್ರಾದ ಗುಡ್ಡ ಬರುತ್ತದೆ. ಕಲ್ಯಾಣದ ಕತೆ ಇನ್ನೂ ಹಿಂದಕ್ಕೆ ಹೋಗುತ್ತದೆ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವ್ಯಾಪಾರಿ ತನ್ನ ಗ್ರೀಕ್ ಗ್ರಂಥದಲ್ಲಿ ಕಲ್ಲಿಯಾನ ಎಂಬ ಬಂದರಿನ ಹೆಸರು ಹೇಳುತ್ತಾನೆ. ಅಲ್ಲಿ ಕ್ರೈಸ್ತರಿದ್ದಾರೆ, ಅವರ ಬಿಷಪ್ ಪರ್ಷಿಯಾದಿಂದ ನೇಮಕವಾಗಿ ಬರುತ್ತಾರೆ ಎನ್ನುತ್ತಾನೆ. ಹೆಚ್ಚಿನ ವಿದ್ವಾಂಸರಿಗೆ ಅದು ಈ ಕಲ್ಯಾಣ. ಕೆಲವರಿಗೆ ಮಾತ್ರ ಅದು ಉಡುಪಿಯ ಪಕ್ಕದ ಕಲ್ಯಾಣಪುರ.

ನಾನು ಕಲ್ಯಾಣಪುರದವನು. ಮಿಲಾಗ್ರಿಸ್ ಇಗರ್ಜಿಯ ಜ್ಞಾನಸ್ನಾನದ ತೊಟ್ಟಿಯಲ್ಲಿ ನನ್ನ ತಲೆಗೆ ನೀರು ಬಿದ್ದದ್ದು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯವಾದಾಗ ಅದು ಕೆಥೆಡ್ರಲ್ ಆಯಿತು. ಕಲ್ಲಿಯಾನ ಯಾವುದು ಎಂಬ ವಾದದಲ್ಲಿ ನಮ್ಮೂರು ಗೆಲ್ಲಲಿ ಎಂದು ಹುಡುಗನಾಗಿದ್ದಾಗ ಆಸೆಪಟ್ಟಿದ್ದೆ. ಈಗ ಆ ಹಟ ಇಲ್ಲ. ಇಲ್ಲಿ ದುಡಿದು ಬದುಕಿದವನಿಗೆ ಎರಡೂ ತನ್ನ ಊರೇ. ಮುಖ್ಯವಾದದ್ದು ಕಾಸ್ಮಾಸ್ ಬರೆದ ಆ ಸಣ್ಣ ವಿವರ: ಗುರು ದೂರದಿಂದ ಬರುತ್ತಿದ್ದರು, ಕಡಲು ದಾಟಿ. ಅವರು ಬರುವವರೆಗೆ ಕಾಯುತ್ತಿದ್ದವರು ಇಲ್ಲಿನ ಜನ.

ಇಂದು ಕಲ್ಯಾಣದಲ್ಲಿ ಸಿರೋ ಮಲಬಾರ್ ಸಭೆಯ ಸಂತ ಥಾಮಸರ ಕೆಥೆಡ್ರಲ್ ಇದೆ. ಕಾರ್ಖಾನೆ, ಆಸ್ಪತ್ರೆ, ರೈಲ್ವೆ ಎಂದು ಕೇರಳದಿಂದ ಬಂದವರು ತಮ್ಮ ವಿಧಿಯ ಪೂಜೆ ತಮ್ಮ ಭಾಷೆಯಲ್ಲಿ ಬೇಕೆಂದು ವರ್ಷಗಟ್ಟಲೆ ಕೇಳಿದರು. 1988ರಲ್ಲಿ ಕಲ್ಯಾಣ ಧರ್ಮಪ್ರಾಂತ್ಯ ಹುಟ್ಟಿತು. ಕೇಳಿದ್ದಕ್ಕೆ ಸಿಕ್ಕಿತು. ಮಂಗಳೂರು ಉಡುಪಿ ಕಡೆಯ ನಾವು ಲ್ಯಾಟಿನ್ ವಿಧಿಯವರು, ಮುಂಬಯಿ ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು. ಇಲ್ಲಿನ ಮೂಲ ಕಥೋಲಿಕರಾದ ಈಸ್ಟ್ ಇಂಡಿಯನ್ನರು, ಗೋವೆಯವರು, ತಮಿಳರು, ಮಲಯಾಳಿಗಳು, ನಾವು, ಎಲ್ಲರೂ ಒಂದೇ ಬೆಂಚಿನಲ್ಲಿ. ನಮ್ಮ ಕೊಂಕಣಿ ಪೂಜೆಗೆ ಬೇರೆಯೇ ದಿನ ಗೊತ್ತು ಮಾಡಿಕೊಂಡು ಪಾದ್ರಿಯನ್ನು ಹುಡುಕಬೇಕು.

ವಿಗಾರರು ಹೇಗೆ ಬರುತ್ತಾರೆ ಎಂಬುದು ಅನೇಕರಿಗೆ ತಿಳಿಯದು. ಕಥೋಲಿಕರಲ್ಲಿ ಜಾಹೀರಾತಿಲ್ಲ, ಮತದಾನವಿಲ್ಲ, ನೇಮಿಸುವವರು ಬಿಷಪ್. ಧರ್ಮಸಭೆಯ ಕಾನೂನಿನ ಪ್ರಕಾರ ಅವರು ಯೋಗ್ಯರನ್ನು ಆರಿಸುವ ಮೊದಲು ಆ ವಲಯದ ಹಿರಿಯ ಗುರುಗಳನ್ನು ವಿಚಾರಿಸಬೇಕು. ಬೇಕೆನಿಸಿದರೆ ಕೆಲವು ಗುರುಗಳನ್ನು, ಸಾಮಾನ್ಯ ಭಕ್ತರನ್ನೂ ಕೇಳಬಹುದು. ಕೊನೆಯ ಆ ಮಾತನ್ನು ಇನ್ನಷ್ಟು ಬಳಸಬೇಕೆಂದು ನನಗೆ ಅನಿಸುತ್ತದೆ. ನಮ್ಮ ನೆರೆಕೆರೆಯ ಕಷ್ಟ, ಭಾಷೆ, ಶಿಫ್ಟ್ ಡ್ಯೂಟಿಯ ಸಂಸಾರಗಳ ಸಮಯ, ಇವು ನಮಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? ಜಾಗ ಖಾಲಿಯಾದಾಗ, ಬಿಷಪ್ ಬೇರೆ ಏರ್ಪಾಡು ಮಾಡುವವರೆಗೆ ಸಹಾಯಕ ಗುರುವೇ ಹೊರೆ ಹೊರಬೇಕು. ಎಪ್ಪತ್ತೈದು ತುಂಬಿದ ವಿಗಾರರು ರಾಜೀನಾಮೆ ಸಲ್ಲಿಸಬೇಕೆಂದು ಕಾನೂನು ಕೇಳುತ್ತದೆ. ಗುರುಗಳ ಕೊರತೆ ತೀರಾ ಇದ್ದರೆ ಧರ್ಮಕೇಂದ್ರದ ಕೆಲಸದ ಪಾಲನ್ನು ಭಕ್ತರಿಗೂ ವಹಿಸಬಹುದು.

ಡೊಂಬಿವಲಿಗೆ ಮರಳಿದಾಗ ಮಧ್ಯಾಹ್ನ. ಮಗಳ ಮದುವೆಯ ಕಾಗದಪತ್ರಕ್ಕಾಗಿ ಇಗರ್ಜಿಯ ಆಫೀಸಿಗೆ ಹೋಗಬೇಕಿತ್ತು. ಸಹಾಯಕ ಗುರುಗಳು ಜ್ಞಾನಸ್ನಾನದ ದಪ್ಪ ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟರು. ಮಗುವಿನ ಹೆಸರು, ಹುಟ್ಟಿದ ದಿನ, ತಂದೆ ತಾಯಿ, ಜ್ಞಾನ ತಂದೆ ತಾಯಿ, ಕೊನೆಯ ಅಂಕಣದಲ್ಲಿ ಗುರುಗಳ ಸಹಿ. ಮಗಳ ಹೆಸರಿನ ಎದುರಿನ ಸಹಿ ಅಗಲವಾದ ನೀಲಿ ಶಾಯಿಯದು. ಅವರು ಈಗಿಲ್ಲ. ಪುಟ ತಿರುವಿದಂತೆ ಅಕ್ಷರ ಬದಲಾಗುತ್ತದೆ: ಒಬ್ಬರದು ವಾಲಿದ ಬರಹ, ಇನ್ನೊಬ್ಬರದು ಮುದ್ರೆಯಂತೆ ನೆಟ್ಟಗೆ. ಮಕ್ಕಳ ಹೆಸರು ಮಾತ್ರ ಬಿಡುವಿಲ್ಲದೆ ಸಾಗಿದೆ. ಮದುವೆಯಾದ ಮೇಲೆ ಅದರ ವಿವರವೂ ಇದೇ ಸಾಲಿನ ಪಕ್ಕದಲ್ಲಿ ಏರುತ್ತದೆ. ನನ್ನ ಮದುವೆಯ ಸಾಲು ಹೀಗೆಯೇ ಅಂಚೆಯಲ್ಲಿ ಕಲ್ಯಾಣಪುರಕ್ಕೆ ಹೋಗಿ ಅಲ್ಲಿನ ಪುಸ್ತಕ ಸೇರಿತ್ತು.

“ಭಾನುವಾರ ಎಷ್ಟು ಪೂಜೆ, ಫಾದರ್?” ಎಂದು ಕೇಳಿದೆ.

“ಮೂರು, ಅಂಕಲ್. ಅದಕ್ಕಿಂತ ಹೆಚ್ಚಿಗೆ ಕಾನೂನು ಬಿಡುವುದಿಲ್ಲ. ಸಂಜೆಯದನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ.” ಅವರ ಗಂಟಲು ಕಟ್ಟಿತ್ತು. ಇನ್ನೂ ಮೂವತ್ತೈದು ದಾಟದವರು.

ಸಂಜೆ ಪೂಜೆಯಿಲ್ಲದ ಹೊತ್ತಿನಲ್ಲಿ ಇಗರ್ಜಿಗೆ ಬೀಗ ಬಿದ್ದಿಲ್ಲ. ಶಿರ್ವ ಕಡೆಯ ಒಬ್ಬ ಬಾಯಿ, ಎಪ್ಪತ್ತೆಂಟು ವರ್ಷದವರು, ನಾಲ್ಕು ಜನರನ್ನು ಕೂಡಿಸಿ ಜಪಮಾಲೆಯ ತೇರ್ಸ್ ಹೇಳಿಸುತ್ತಾರೆ. ಅವರ ಪರ್ಸಿನಲ್ಲಿ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ. ಮಡಿಚಿ ಮಡಿಚಿ ಅಂಚು ಸವೆದಿದೆ. ಹಾಸಿಗೆ ಹಿಡಿದವರ ಮನೆಗಳ ಪಟ್ಟಿ ಅದು. ಕಟ್ಟಡದ ಹೆಸರು, ಎದುರಿಗೆ ಒಂದೊಂದು ಟಿಪ್ಪಣಿ: ನಾಲ್ಕನೇ ಮಾಳಿಗೆ, ಲಿಫ್ಟ್ ಇಲ್ಲ. ಕಿವಿ ಕೇಳುವುದಿಲ್ಲ, ಬೆಲ್ ಬೇಡ, ಪಕ್ಕದ ಮನೆಯಲ್ಲಿ ಕೀ. ಕೊಂಕಣಿಯಲ್ಲಿ ಮಾತ್ರ ಪಾಪನಿವೇದನೆ.

“ಇದು ಯಾರಿಗೆ, ಬಾಯಿ?”

“ಹೊಸ ವಿಗಾರರಿಗೆ, ಪುತಾ. ಅವರಿಗೆ ಯಾರು ಹೇಳ್ತಾರೆ?”

ಆ ಹಾಳೆ ಕೈಯಲ್ಲಿ ಹಿಡಿದಾಗ ಅಜ್ಜಿಯಿಂದ ಕೇಳಿದ ಸೆರೆಯ ಕತೆ ನೆನಪಾಯಿತು. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಪಾದ್ರಿಗಳನ್ನು ಗಡೀಪಾರು ಮಾಡಿದರು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬದುಕುಳಿದವರು ಹಿಂತಿರುಗಿದರು. ಹದಿನೈದು ವರ್ಷ ಅವರ ನಡುವೆ ಪ್ರಾರ್ಥನೆಯನ್ನು ಉಳಿಸಿದವರು ತಾಯಂದಿರು ಮತ್ತು ಹಿರಿಯರು. ಊರಿನಲ್ಲಿ ಇಂದಿಗೂ ವಾಡೆಗೊಬ್ಬ ಗುರ್ಕಾರ್, ಅಂದರೆ ಅಲ್ಲಿನ ಮನೆಗಳನ್ನು ನೋಡಿಕೊಳ್ಳುವ ಹಿರಿಯ, ಇರುತ್ತಾರೆ. ಮುಂಬಯಿಯ ಫ್ಲ್ಯಾಟುಗಳಲ್ಲಿ ಗುರ್ಕಾರ್ ಎಂಬ ಹೆಸರಿಲ್ಲ. ಆದರೆ ಈ ಬಾಯಿ ಮಾಡುತ್ತಿರುವುದು ಅದೇ ಕೆಲಸ.

ಕೊನೆಗೆ, ಇನ್ನೊಂದು ಸಂಜೆ, ನವಿ ಮುಂಬಯಿಯ ವಾಶಿ. ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ 1970ರಲ್ಲಿ ಹುಟ್ಟಿ ಗದ್ದೆ, ಉಪ್ಪಿನ ಹೊಲಗಳ ನಡುವೆ ಹೊಸ ನಗರಕ್ಕೆ ಗೆರೆ ಎಳೆಯಿತು. ಇಲ್ಲಿನ ಸೇಕ್ರೆಡ್ ಹಾರ್ಟ್ ಇಗರ್ಜಿಗೆ ಥಾಣೆಯಂತೆ ಶತಮಾನಗಳ ಗೋಡೆಯಿಲ್ಲ. ಸೆಕ್ಟರುಗಳಿಂದ ಬಂದವರೇ ಅದರ ಚರಿತ್ರೆ. ಸಂಜೆಯ ಪೂಜೆಗೆ ಯುವಕರು ಬಹಳ ಇದ್ದರು, ಕೈಯಲ್ಲಿ ಲ್ಯಾಪ್‌ಟಾಪಿನ ಬ್ಯಾಗು, ಕೊರಳಲ್ಲಿ ಆಫೀಸಿನ ಕಾರ್ಡು. ಇವರಲ್ಲಿ ಯಾರಾದರೂ ಗುರುಮಠ ಸೇರುತ್ತಾರೆಯೇ? ಮುಂಬಯಿಯ ಮೊದಲ ಭಾರತೀಯ ಆರ್ಚ್‌ಬಿಷಪ್, 1953ರಲ್ಲಿ ದೇಶದ ಮೊದಲ ಕಾರ್ಡಿನಲ್ ಆದ ವಲೇರಿಯನ್ ಗ್ರೇಶಿಯಸ್ ಹುಟ್ಟಿದ್ದು ಕರಾಚಿಯಲ್ಲಿ, ಗುರುವಾಗಲು ಓದಿದ್ದು ನಮ್ಮ ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ. ಅಂದಿನ ನಮ್ಮ ಮನೆಗಳಲ್ಲಿ ಎಂಟು ಹತ್ತು ಮಕ್ಕಳು, ಒಬ್ಬ ಪಾದ್ರಿ, ಒಬ್ಬಳು ಸಿಸ್ಟರ್. ಇಂದು ಒಂದೋ ಎರಡೋ. ಒಳ್ಳೆಯ ವಿಗಾರ್ ಬೇಕು ಎಂದು ಎಲ್ಲರೂ ಕೇಳುತ್ತೇವೆ, ನಮ್ಮ ಮಗ ಆಗಲಿ ಎಂದು ಯಾರೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ.

ಹೊಸ ವಿಗಾರರು ಅಧಿಕಾರ ವಹಿಸುವ ದಿನ ಎಲ್ಲರ ಮುಂದೆ ವಿಶ್ವಾಸ ಪ್ರಮಾಣ ಮಾಡುತ್ತಾರೆ, ಇಗರ್ಜಿಯ ಬೀಗದ ಕೈ ಪಡೆಯುತ್ತಾರೆ. ಫೋಟೊ, ಹಾರ, ಕೇಕು ಎಲ್ಲ ಆಗುತ್ತದೆ. ಮರುದಿನ ಬೆಳಗ್ಗೆ ಗುರುಮನೆಯಲ್ಲಿ ಅವರೊಬ್ಬರೇ ಇರುತ್ತಾರೆ, ಯಾವ ಮನೆ ಎಲ್ಲಿ ಎಂದು ತಿಳಿಯದೆ. ನಿಮ್ಮ ಫಿರ್ಗಜೆಗೆ ಈ ವರ್ಷ ಹೊಸಬರು ಬರುವುದಿದ್ದರೆ, ನಿಮ್ಮ ಬಿಲ್ಡಿಂಗಿನಲ್ಲಿ ಹಾಸಿಗೆ ಹಿಡಿದವರ ಹೆಸರು, ಮಾಳಿಗೆ, ಭಾಷೆ ಬರೆದು ಒಂದು ಚೀಟಿ ಸಿದ್ಧಮಾಡಿ. ಮೊದಲ ವಾರವೇ ಅವರನ್ನು ಊಟಕ್ಕೆ ಕರೆಯಿರಿ. ಚೀಟಿಯನ್ನು ಅಂದೇ ಅವರ ಕೈಯಲ್ಲಿಡಿ.