ಹತ್ತನೆಯ ತರಗತಿಯ ನಂತರ: ವಿಕಲಚೇತನ ವಿದ್ಯಾರ್ಥಿಯನ್ನು ಕಾಲೇಜಿಗೆ ತಲುಪಿಸುವ ಹೊಣೆ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ದಿನ ಪ್ರತಿ ಗ್ರಾಮದಲ್ಲಿಯೂ ಉತ್ತೀರ್ಣರಾದವರ ಲೆಕ್ಕ ನಡೆಯುತ್ತದೆ. ಅವರಲ್ಲಿ ವಿಕಲಚೇತನ ವಿದ್ಯಾರ್ಥಿಗಳು ಎಷ್ಟು ಮಂದಿ, ಮುಂದೆ ಅವರು ಯಾವ ಕಾಲೇಜಿಗೆ ದಾಖಲಾದರು ಎಂಬ ಲೆಕ್ಕವನ್ನು ಇಡುವವರು ವಿರಳ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಅದೇ ಜನಗಣತಿಯಂತೆ ದೇಶದ ಒಟ್ಟು ವಿಕಲಚೇತನರಲ್ಲಿ ಮೆಟ್ರಿಕ್ ಅಥವಾ ಅದಕ್ಕೆ ಮೇಲ್ಪಟ್ಟು ಓದಿಯೂ ಪದವಿ ಪಡೆಯದವರು ಸುಮಾರು ಶೇ. 13, ಪದವಿ ಮತ್ತು ಅದಕ್ಕೂ ಮೇಲ್ಪಟ್ಟು ಓದಿದವರು ಸುಮಾರು ಶೇ. 5 ಮಾತ್ರ. ಪ್ರೌಢಶಾಲೆಯ ಬಾಗಿಲು ದಾಟಿದವರಲ್ಲಿಯೂ ಬಹುಪಾಲು ಜನರಿಗೆ ಮುಂದಿನ ದಾರಿ ಸಿಗುತ್ತಿಲ್ಲ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಕೊಂಡಿ ಕಳಚುವುದು ಎಲ್ಲಿ?

ಪ್ರೌಢಶಾಲೆಯಲ್ಲಿ ಓದುವವರೆಗೆ ವಿಕಲಚೇತನ ಮಗುವನ್ನು ಬಲ್ಲವರು ಹಲವರು. ಮುಖ್ಯೋಪಾಧ್ಯಾಯರಿಗೆ ಅದರ ಅಗತ್ಯಗಳು ಗೊತ್ತಿರುತ್ತವೆ. ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಶಾಲೆಗೂ ಮನೆಗೂ ಭೇಟಿ ನೀಡುತ್ತಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಊರಿನ ಪೋಷಕರೇ ಇರುತ್ತಾರೆ. ವರ್ಗಾವಣೆ ಪತ್ರ ಕೈಗೆ ಬಂದ ದಿನ ಈ ಸಂಬಂಧಗಳೆಲ್ಲ ಬಹುಮಟ್ಟಿಗೆ ಮುಗಿಯುತ್ತವೆ. ಹೊಸ ಕಾಲೇಜಿನ ಪ್ರಾಂಶುಪಾಲರ ಮುಂದೆ ಅಂಕಪಟ್ಟಿ ಮಾತ್ರ ಇರುತ್ತದೆ. ವಿದ್ಯಾರ್ಥಿಗೆ ಮುಂದಿನ ಸಾಲಿನ ಆಸನ ಬೇಕೇ, ಪರೀಕ್ಷೆಯಲ್ಲಿ ಸಹಾಯಕ ಬರಹಗಾರ ಬೇಕೇ ಎಂಬುದನ್ನು ಅವರಿಗೆ ತಿಳಿಸುವವರು ಇರುವುದಿಲ್ಲ.

ಮೋಕ ಹೋಬಳಿಯ ಗ್ರಾಮಗಳಲ್ಲಿ ಕೂಲಿಯನ್ನೇ ನಂಬಿದ ಪೋಷಕರಿಗೆ ಬಳ್ಳಾರಿಗೆ ಒಮ್ಮೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆ ಹೋದಂತೆ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಂತೂ ಒಂದು ಪ್ರಮಾಣ ಪತ್ರಕ್ಕಾಗಿ ಮೂರು ಬಾರಿ ಅಲೆಯುವುದು ಅವರಿಂದ ಆಗದ ಮಾತು. ಪ್ರವೇಶದ ದಿನಾಂಕ ಮೀರಿದರೆ ಒಂದು ವರ್ಷ ಹೋಯಿತು. ಒಂದು ವರ್ಷ ಮನೆಯಲ್ಲಿ ಕುಳಿತ ಮಗು ಮತ್ತೆ ಪುಸ್ತಕ ಹಿಡಿಯುವುದು ಕಷ್ಟ.

ಶಾಲೆ ಬದಲಾಗುತ್ತದೆ, ಇಲಾಖೆ ಬದಲಾಗುತ್ತದೆ. ಈ ಅವಧಿಯ ಉದ್ದಕ್ಕೂ ಬದಲಾಗದೆ ಮಗುವಿನ ಸಮೀಪದಲ್ಲಿ ಉಳಿಯುವ ಸಂಸ್ಥೆ ಗ್ರಾಮ ಪಂಚಾಯತಿಯೊಂದೇ. ಆದುದರಿಂದ ಶಾಲೆಯ ಕೈಯಿಂದ ಕಾಲೇಜಿನ ಕೈಗೆ ಮಗುವನ್ನು ಒಪ್ಪಿಸುವ ಹೊಣೆಯನ್ನು ಸಹಜವಾಗಿ ಹೊರಬಲ್ಲದ್ದೂ ಅದೇ.

ಕಾನೂನು ನೀಡಿರುವ ಹಕ್ಕುಗಳು

ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ದಿನಾಂಕ 19-04-2017ರಿಂದ ಜಾರಿಯಲ್ಲಿದೆ. 1995ರ ಹಿಂದಿನ ಅಧಿನಿಯಮದಲ್ಲಿ 7 ಬಗೆಯ ನ್ಯೂನತೆಗಳಿಗೆ ಮಾತ್ರ ಮಾನ್ಯತೆ ಇತ್ತು. ಈಗ ಅವು 21. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯುಳ್ಳವರಿಗೆ ಮುಖ್ಯವಾಗಿ ಈ ಕೆಳಗಿನ ಹಕ್ಕುಗಳಿವೆ:

1. ಶಿಕ್ಷಣ ಹಕ್ಕು ಕಾಯ್ದೆ 2009 ಎಲ್ಲ ಮಕ್ಕಳಿಗೆ 6ರಿಂದ 14 ವರ್ಷದವರೆಗೆ ಅನ್ವಯಿಸುತ್ತದೆ. ವಿಕಲಚೇತನ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು 18 ವರ್ಷದವರೆಗೂ ಇದೆ (ಕಲಂ 31). ಹತ್ತನೆಯ ತರಗತಿಗೆ ಈ ಹಕ್ಕು ಮುಗಿಯುವುದಿಲ್ಲ.
2. ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸೂಕ್ತ ಸಾಧನ ಸಲಕರಣೆಗಳನ್ನು 18 ವರ್ಷದವರೆಗೆ ಉಚಿತವಾಗಿ ಒದಗಿಸುವುದು ಸರ್ಕಾರದ ಕರ್ತವ್ಯ (ಕಲಂ 17).
3. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸ್ಥಾನಗಳ ಮೀಸಲಾತಿ ಮತ್ತು ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ (ಕಲಂ 32).

ಇದರ ಜೊತೆಗೆ ಬಳ್ಳಾರಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಶಿಕ್ಷಣದಲ್ಲಿ ಪ್ರಾದೇಶಿಕ ಮೀಸಲಾತಿಯೂ ಲಭ್ಯ. ಎರಡಕ್ಕೂ ಪ್ರತ್ಯೇಕ ಪ್ರಮಾಣ ಪತ್ರಗಳು ಬೇಕು.

ಮೊದಲ ಮೆಟ್ಟಿಲು: ಯು.ಡಿ.ಐ.ಡಿ. ಕಾರ್ಡ್

2021ರ ಜೂನ್ 1ರಿಂದ ನ್ಯೂನತೆಯ ಪ್ರಮಾಣ ಪತ್ರವನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡುವುದು ಕಡ್ಡಾಯವಾಗಿದೆ. ಆನ್‌ಲೈನ್ ಅರ್ಜಿ, ವೈದ್ಯಕೀಯ ತಪಾಸಣೆ, ಅನಂತರ ಕಾರ್ಡ್ ವಿತರಣೆ ಎಂಬ ಕ್ರಮಕ್ಕೆ ಸಮಯ ಹಿಡಿಯುತ್ತದೆ. ಮಕ್ಕಳಿಗೆ ಎಷ್ಟೋ ವೇಳೆ ತಾತ್ಕಾಲಿಕ ಪ್ರಮಾಣ ಪತ್ರ ನೀಡಲಾಗಿರುತ್ತದೆ. ಅದರ ಅವಧಿ ಪ್ರವೇಶದ ಹೊತ್ತಿಗೆ ಮುಗಿದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಕಾರ್ಡಿನ ಅವಧಿಯನ್ನೂ, ಆಧಾರ್ ಮತ್ತು ಶಾಲಾ ದಾಖಲೆಯಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂಬುದನ್ನೂ ಪರಿಶೀಲಿಸುವುದು ಸೂಕ್ತ.

ವಿಷಯಗಳ ಆಯ್ಕೆಯಲ್ಲಿ ಎಚ್ಚರ

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಭಾಷಾ ವಿನಾಯಿತಿ ಇದೆ. ಗಣಿತ, ವಿಜ್ಞಾನಗಳಿಗೆ ಬದಲಾಗಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಸಂಗೀತದಂತಹ ಪರ್ಯಾಯ ವಿಷಯಗಳನ್ನು ಆರಿಸಿಕೊಳ್ಳಲು ಅವಕಾಶವಿದೆ. ಅಗತ್ಯವಿರುವ ಮಗುವಿಗೆ ಇದು ದೊಡ್ಡ ಅನುಕೂಲ. ಆದರೆ ಪಾಲಿಟೆಕ್ನಿಕ್ ಡಿಪ್ಲೊಮಾ ಪ್ರವೇಶಕ್ಕೆ ಹತ್ತನೆಯ ತರಗತಿಯಲ್ಲಿ ಗಣಿತ ಮತ್ತು ವಿಜ್ಞಾನ ಓದಿರಬೇಕು. ತೇರ್ಗಡೆ ಸುಲಭವಾಗಲಿ ಎಂಬ ಸದುದ್ದೇಶದಿಂದ ಎಲ್ಲರಿಗೂ ಪರ್ಯಾಯ ವಿಷಯ ಕೊಡಿಸಿದರೆ, ಕಾಲಿನ ನ್ಯೂನತೆ ಮಾತ್ರವಿದ್ದು ಲೆಕ್ಕದಲ್ಲಿ ಚುರುಕಾಗಿರುವ ಮಗುವಿಗೂ ತಾಂತ್ರಿಕ ಶಿಕ್ಷಣದ ಬಾಗಿಲು ಮುಚ್ಚಿದಂತಾಗುತ್ತದೆ. ವಿನಾಯಿತಿ ಪಡೆಯುವ ಮುನ್ನ ಮುಂದೆ ಏನು ಓದುವ ಇಚ್ಛೆ ಇದೆ ಎಂಬುದನ್ನು ಮಗುವಿನಿಂದಲೇ ಕೇಳಿ ತಿಳಿಯತಕ್ಕದ್ದು.

ಪರೀಕ್ಷೆಯಲ್ಲಿ ಬರಹಗಾರರ ನೆರವು ಪಡೆಯಬಹುದಾದ ವಿದ್ಯಾರ್ಥಿಗಳಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲಾವಕಾಶ ನೀಡಬೇಕೆಂದು 2018ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಶೇ. 40ಕ್ಕಿಂತ ಕಡಿಮೆ ನ್ಯೂನತೆ ಇದೆ ಎಂಬ ಒಂದೇ ಕಾರಣಕ್ಕೆ ಬರಹಗಾರರ ನೆರವನ್ನು ನಿರಾಕರಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಅನುತ್ತೀರ್ಣರಾದವರು ಎದೆಗುಂದಬೇಕಿಲ್ಲ, 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶ ದೊರೆತಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ನೋಂದಾಯಿಸಿದರೆ 5 ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ಪರೀಕ್ಷೆ ಪೂರೈಸಬಹುದು.

ಮುಂದಿನ ದಾರಿಗಳು

ಪದವಿಪೂರ್ವ ಕಾಲೇಜು, ಕೈಗಾರಿಕಾ ತರಬೇತಿ ಸಂಸ್ಥೆ ಮತ್ತು ಪಾಲಿಟೆಕ್ನಿಕ್ ಎಂಬ ಮೂರು ದಾರಿಗಳು ಸಾಮಾನ್ಯ. ಮುಂದಿನ ಪದವಿ ಶಿಕ್ಷಣಕ್ಕೆ 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳು ಬಳ್ಳಾರಿಯಲ್ಲಿಯೇ ಇವೆ. ವಿಕಲಚೇತನರಿಗಾಗಿಯೇ ಇರುವ ಡಿಪ್ಲೊಮಾ ಸಂಸ್ಥೆ ಬಯಸುವವರಿಗೆ ಮೈಸೂರಿನಲ್ಲಿ 1991ರಿಂದ ಜೆ.ಎಸ್.ಎಸ್. ವಿಕಲಚೇತನರ ಪಾಲಿಟೆಕ್ನಿಕ್ ನಡೆಯುತ್ತಿದೆ. ಅಷ್ಟು ದೂರ ಕಳುಹಿಸಲು ಕುಟುಂಬ ಮನಸ್ಸು ಮಾಡಬೇಕಾದರೆ ಮಾಹಿತಿ ಫಲಿತಾಂಶಕ್ಕೆ ಬಹು ಮುಂಚೆಯೇ ತಲುಪಿರಬೇಕು.

ವೆಚ್ಚದ ವಿಷಯದಲ್ಲಿ, ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ವಿಕಲಚೇತನ ವಿದ್ಯಾರ್ಥಿಗಳಿಗೆ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ದೊರೆಯುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು.

ಪ್ರಯಾಣಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವಿಕಲಚೇತನರ ರಿಯಾಯಿತಿ ಪಾಸ್ ಇದೆ. ವಾರ್ಷಿಕ 660 ರೂಪಾಯಿ ಪಾವತಿಸಿ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯಲ್ಲಿ ಸಂಚರಿಸಬಹುದು; ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಮೋಕದಿಂದ ಈ ವ್ಯಾಪ್ತಿಯೊಳಗೇ ಬರುತ್ತವೆ. ಅಂಧರಿಗೆ ಪ್ರತ್ಯೇಕವಾಗಿ ಉಚಿತ ಪಾಸ್ ಇದೆ. ವಿದ್ಯಾರ್ಥಿನಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತವಾಗಿದೆ. ಆದರೂ ಬಸ್ಸು ಹತ್ತುವಾಗ ಕೈಹಿಡಿಯುವವರು ಇಲ್ಲವೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವುದುಂಟು. ಅದೇ ಬಸ್ಸಿನಲ್ಲಿ ಹೋಗುವ ಊರಿನ ವಿದ್ಯಾರ್ಥಿನಿಯರ ಜೊತೆ ಮಾಡಿಕೊಟ್ಟರೆ ಈ ಅಂಜಿಕೆ ಬಹುಪಾಲು ನೀಗುತ್ತದೆ.

ಗ್ರಾಮ ಪಂಚಾಯತಿಗಳು ಕೈಗೊಳ್ಳಬಹುದಾದ ಕ್ರಮಗಳು

1. ಜೂನ್–ಜುಲೈ: ವ್ಯಾಪ್ತಿಯ 9 ಮತ್ತು 10ನೇ ತರಗತಿಯ ವಿಕಲಚೇತನ ವಿದ್ಯಾರ್ಥಿಗಳ ಪಟ್ಟಿಯನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮುಖ್ಯೋಪಾಧ್ಯಾಯರ ಸಹಕಾರದಿಂದ ಸಿದ್ಧಪಡಿಸುವುದು. ಶಾಲೆ ಬಿಟ್ಟು ಮನೆಯಲ್ಲಿರುವವರ ಹೆಸರನ್ನೂ ಸೇರಿಸುವುದು.
2. ಆಗಸ್ಟ್–ಅಕ್ಟೋಬರ್: ಯು.ಡಿ.ಐ.ಡಿ., ಜಾತಿ ಮತ್ತು ಆದಾಯ, 371(ಜೆ) ಪ್ರಮಾಣ ಪತ್ರಗಳಲ್ಲಿ ಇಲ್ಲದಿರುವುದನ್ನು ಗುರುತಿಸಿ ಅರ್ಜಿ ಹಾಕಿಸುವುದು. ಅರಿವು ಕೇಂದ್ರದ ಗಣಕಯಂತ್ರವನ್ನು ಇದಕ್ಕೆ ಬಳಸಿಕೊಳ್ಳಬಹುದು.
3. ನವೆಂಬರ್–ಜನವರಿ: ಮಕ್ಕಳ ಗ್ರಾಮಸಭೆಯಲ್ಲಿ ಮುಂದಿನ ಓದಿನ ಮಾಹಿತಿ ನೀಡುವುದು, ಪರೀಕ್ಷಾ ಸೌಲಭ್ಯಗಳಿಗೆ ಶಾಲೆಯಿಂದ ಕೋರಿಕೆ ಸಲ್ಲಿಕೆಯಾಗಿದೆಯೇ ಎಂದು ವಿಚಾರಿಸುವುದು.
4. ಫಲಿತಾಂಶದ ನಂತರ: ಪ್ರತಿ ವಿದ್ಯಾರ್ಥಿಯ ಮನೆಗೆ ಭೇಟಿ ನೀಡುವುದು, ಅಗತ್ಯಗಳನ್ನು ವಿವರಿಸುವ ಒಂದು ಪುಟದ ಪತ್ರವನ್ನು ಪೋಷಕರ ಒಪ್ಪಿಗೆಯಿಂದ ಪ್ರೌಢಶಾಲೆಯಲ್ಲಿ ಬರೆಯಿಸಿ ಹೊಸ ಕಾಲೇಜಿಗೆ ತಲುಪಿಸುವುದು.
5. ದಾಖಲಾದ ಮೂರು ತಿಂಗಳ ನಂತರ: ವಿದ್ಯಾರ್ಥಿ ತರಗತಿಗೆ ಹೋಗುತ್ತಿದ್ದಾನೆಯೇ, ಹೋಗುತ್ತಿದ್ದಾಳೆಯೇ ಎಂದು ಖಚಿತಪಡಿಸಿಕೊಳ್ಳುವುದು.

ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರ ಕಲ್ಯಾಣಕ್ಕೆ ಮೀಸಲಿಡುವ ಶೇ. 5ರ ಮೊತ್ತದಲ್ಲಿ ಬಸ್ ಪಾಸ್ ಶುಲ್ಕ, ಸಾಧನ ಸಲಕರಣೆಗಳಂತಹ ವೆಚ್ಚಗಳನ್ನು ನಿಯಮಗಳ ಚೌಕಟ್ಟಿನೊಳಗೆ ಭರಿಸುವ ಬಗ್ಗೆ ಸಾಮಾಜಿಕ ನ್ಯಾಯ ಸಮಿತಿಯು ಪರಿಶೀಲಿಸಬಹುದು. ಮಗುವಿನ ನ್ಯೂನತೆಯ ವಿವರಗಳನ್ನು ಸಭೆಯಲ್ಲಿ ಬಹಿರಂಗವಾಗಿ ಓದುವುದು ಸಲ್ಲದು. ಪಟ್ಟಿ ಇರುವುದು ನೆರವಿಗಾಗಿಯೇ ಹೊರತು ಪ್ರದರ್ಶನಕ್ಕಲ್ಲ.

ಒಂದು ಪಂಚಾಯತಿಯ ವ್ಯಾಪ್ತಿಯಲ್ಲಿ ವರ್ಷಕ್ಕೆ ಇಂತಹ ವಿದ್ಯಾರ್ಥಿಗಳ ಸಂಖ್ಯೆ ಬೆರಳೆಣಿಕೆಯಷ್ಟೇ ಇರಬಹುದು. ಸಂಖ್ಯೆ ಚಿಕ್ಕದಾಗಿರುವುದರಿಂದಲೇ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ವಿಚಾರಿಸಿ, ಕಾಲೇಜಿನ ಹಾಜರಿ ಪುಸ್ತಕದವರೆಗೆ ತಲುಪಿಸುವುದು ಸದಸ್ಯರಿಗೆ ಸಾಧ್ಯವಿರುವ ಕೆಲಸವಾಗಿದೆ.